ಕಡಲಿಗೆ ಕಲ್ಲು ಹಾಕಿದರೆ ಸಾಕೇ? ದಡ ಕಾಯುವ ಮರಳು, ಬಳ್ಳಿ ಮತ್ತು ಕಾಂಡ್ಲಾ



ಮಳೆಗಾಲ ಹಿಡಿಯಿತೆಂದರೆ ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ವರ್ಷವೂ ಒಂದೇ ಬಗೆಯ ಚಿತ್ರಗಳು ಬರುತ್ತವೆ. ಬುಡ ಕಳಚಿ ಕಡಲಿಗೆ ವಾಲಿದ ತೆಂಗಿನ ಮರ, ಹಿಂಬದಿಯ ಗೋಡೆ ಕುಸಿದ ಮನೆ, ಲಾರಿಯಿಂದ ಕಪ್ಪು ಕಲ್ಲು ಸುರಿಯುತ್ತಿರುವ ದೃಶ್ಯ. ಊರಿನ ಹೆಸರು ಮಾತ್ರ ಬದಲಾಗುತ್ತದೆ. ಒಮ್ಮೆ ಉಳ್ಳಾಲ, ಒಮ್ಮೆ ಸೋಮೇಶ್ವರ ಉಚ್ಚಿಲ, ಇನ್ನೊಮ್ಮೆ ಎರ್ಮಾಳು ಅಥವಾ ಮರವಂತೆ. ಜನಪ್ರತಿನಿಧಿಗಳು ಭೇಟಿ ನೀಡುತ್ತಾರೆ, ಜನರು ಕಲ್ಲು ಹಾಕಿ ಎಂದು ಬೇಡುತ್ತಾರೆ, ಕಲ್ಲು ಬರುತ್ತದೆ. ಮುಂದಿನ ಆಟಿ ತಿಂಗಳಲ್ಲಿ ಅದೇ ಕಥೆ ಮತ್ತೆ ಮೊದಲಾಗುತ್ತದೆ.

ಕೆಲವು ಸಮಯದ ಹಿಂದೆ ಮಧುಗಿರಿ ಕಡೆಯ ಒಬ್ಬ ನಿವೃತ್ತ ಉಪಾಧ್ಯಾಯರು ನಮ್ಮನ್ನು ಕಾಣಲು ಬಂದಿದ್ದರು. ಅವರನ್ನು ಉಳ್ಳಾಲದ ಕಡಲ ಬದಿಗೆ ಕರೆದುಕೊಂಡು ಹೋದೆವು. ಅಲ್ಲಿ ಮರಳಿನಲ್ಲಿ ಅರ್ಧ ಹೂತುಹೋದ ತಡೆಗೋಡೆಯ ಕಲ್ಲುಗಳನ್ನು ಬಹಳ ಹೊತ್ತು ನೋಡಿದ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು. "ಫಾದರ್, ನಮ್ಮ ಕಡೆ ಕೆರೆ ಏರಿಯ ಒಳಮೈಗೆ ಕಲ್ಲು ಹಾಸಿದ್ದಾರೆ. ನಮ್ಮ ತಾತನ ಕಾಲಕ್ಕಿಂತ ಹಿಂದಿನದು. ಕೆರೆ ತುಂಬಿ ಗಾಳಿ ಎದ್ದರೆ ಅಲೆ ಬಂದು ಬಡಿಯುತ್ತೆ, ಆದರೂ ಒಂದು ಕಲ್ಲು ಅಲುಗಿಲ್ಲ. ನೀವಿಲ್ಲಿ ವರ್ಷ ವರ್ಷ ಕಲ್ಲು ಹಾಕ್ತೀರಿ, ವರ್ಷ ವರ್ಷ ಮುಳುಗಿಹೋಗುತ್ತೆ. ಇದು ಕಂಟ್ರಾಕ್ಟರರ ಗುಣವೋ, ಸಮುದ್ರದ ಗುಣವೋ?"

ಆ ದಿನ ನಾವು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಆದುದರಿಂದ ಓದಿ, ಕೇಳಿ ತಿಳಿದುಕೊಂಡು ಇಲ್ಲಿ ಬರೆಯುತ್ತಿದ್ದೇವೆ. ಬಯಲುಸೀಮೆಯವರ ಈ ಪ್ರಶ್ನೆಯನ್ನು ಕಡಲ ಬದಿಯಲ್ಲೇ ಹುಟ್ಟಿ ಬೆಳೆದ ನಾವು ಎಂದೋ ಕೇಳಬೇಕಾಗಿತ್ತು.

ಕೆರೆಯ ಅಲೆ, ಕಡಲ ಅಲೆ

ಅಲೆ ಎಂದರೆ ನೀರು ದೂರದಿಂದ ಓಡಿ ಬರುವುದಲ್ಲ. ಗಾಳಿಯು ನೀರಿಗೆ ಕೊಟ್ಟ ಶಕ್ತಿ ಓಡಿ ಬರುವುದು. ದಡದಿಂದ ದೂರ ತೇಲುವ ತೆಂಗಿನಕಾಯಿಯನ್ನು ಗಮನಿಸಿ. ಅಲೆ ಬಂದಾಗ ಅದು ಮೇಲೇರಿ ಕೆಳಗಿಳಿದು ಹೆಚ್ಚುಕಡಿಮೆ ಇದ್ದಲ್ಲಿಯೇ ಉಳಿಯುತ್ತದೆ. ಅಲೆ ಮಾತ್ರ ಮುಂದೆ ಹೋಗುತ್ತದೆ.

ಕೆರೆಯಲ್ಲಿ ಗಾಳಿಗೆ ಓಡಲು ಸಿಗುವ ನೀರಿನ ಬಯಲು ಒಂದೆರಡು ಕಿಲೋಮೀಟರ್ ಮಾತ್ರ. ಆದುದರಿಂದ ಅಲ್ಲಿಯ ಅಲೆ ಚಿಕ್ಕದು, ಮೇಲುಮೇಲಿನದು. ಎರಡು ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದ, ಅಂದರೆ ಒಂದು ನೆತ್ತಿಯಿಂದ ಇನ್ನೊಂದು ನೆತ್ತಿಗೆ ಇರುವ ಅಂತರ, ಸುಮಾರು 6 ಮೀಟರ್. ಅರಬ್ಬಿ ಸಮುದ್ರದಲ್ಲಿ ಮುಂಗಾರು ಗಾಳಿಗೆ ಓಡಲು ಸಾವಿರಾರು ಕಿಲೋಮೀಟರ್ ಬಯಲಿದೆ. ಅಲ್ಲಿಂದ ಹತ್ತು ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದ ಆಳ ಸಮುದ್ರದಲ್ಲಿ 150 ಮೀಟರನ್ನು ದಾಟುತ್ತದೆ. ಅಲೆಯ ಉದ್ದದ ಅರ್ಧದಷ್ಟು ಆಳದವರೆಗೆ ನೀರು ಕದಲುತ್ತದೆ ಎಂಬುದು ಲೆಕ್ಕ. ಅಂದರೆ ಕೆರೆಯ ಅಲೆ 3 ಮೀಟರ್ ಆಳಕ್ಕೆ ಸುಮ್ಮನಾಗುತ್ತದೆ. ಕಡಲ ಅಲೆ 75 ಮೀಟರ್ ಆಳದಲ್ಲಿಯೂ ತಳವನ್ನು ಮುಟ್ಟಿ ನೋಡುತ್ತದೆ.

ಇನ್ನೊಂದು ಲೆಕ್ಕವನ್ನೂ ನೆನಪಿಡಬೇಕು. ಅಲೆಯ ಎತ್ತರ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ. ತಿರುಗಿಸಿ ಹೇಳುವುದಾದರೆ, ಅಲೆಯ ಎತ್ತರವನ್ನು ಹೇಗಾದರೂ ಅರ್ಧಕ್ಕೆ ಇಳಿಸಿದರೆ ದಡಕ್ಕೆ ತಲಪುವ ಶಕ್ತಿ ಕಾಲು ಭಾಗ ಮಾತ್ರ. ಪ್ರಕೃತಿ ದಡವನ್ನು ಕಾಯುವುದು ಈ ಲೆಕ್ಕದಿಂದಲೇ. ಅದು ಅಲೆಯನ್ನು ಒಂದೇ ಕಡೆ ತಡೆದು ನಿಲ್ಲಿಸುವುದಿಲ್ಲ. ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ದಣಿಸುತ್ತದೆ.

ಮೇಷ್ಟ್ರ ಪ್ರಶ್ನೆಗೆ ಉತ್ತರದ ಉಳಿದರ್ಧ ನೆಲದಲ್ಲಿದೆ. ಕೆರೆ ಏರಿ ತುಳಿದು ಗಟ್ಟಿ ಮಾಡಿದ ಮಣ್ಣಿನದು, ಅದರ ಮೇಲೆ ಓರೆಯಾಗಿ ಹಾಸಿದ ಕಲ್ಲಿಗೆ ಕೂರಲು ಭದ್ರವಾದ ಜಾಗವಿದೆ. ಕಡಲ ತಡೆಗೋಡೆ ಕೂರುವುದು ಮರಳಿನ ಮೇಲೆ. ಬಡಿದ ಅಲೆ ತನ್ನ ಶಕ್ತಿಯನ್ನು ಪೂರ್ತಿ ಕಳೆದುಕೊಳ್ಳದೆ ಹಿಂದಕ್ಕೆ ಪುಟಿಯುತ್ತದೆ, ಪುಟಿಯುವಾಗ ಗೋಡೆಯ ಬುಡದ ಮರಳನ್ನು ಕೆರೆದುಕೊಂಡು ಹೋಗುತ್ತದೆ. ಬುಡ ಆಳವಾದಂತೆ ಮುಂದಿನ ಅಲೆ ಇನ್ನಷ್ಟು ದೊಡ್ಡದಾಗಿಯೇ ಗೋಡೆಯವರೆಗೆ ಬರಲು ಸಾಧ್ಯವಾಗುತ್ತದೆ. ಕಲ್ಲು ಒಂದೊಂದಾಗಿ ಇಳಿಯುತ್ತದೆ. ಕಲ್ಲನ್ನು ಯಾರೂ ಕದ್ದದ್ದಲ್ಲ, ಮರಳು ಅದರ ಅಡಿಯಿಂದ ಎದ್ದು ಹೋದದ್ದು. (ಕಳ್ಳತನ ಎಲ್ಲಿಯೂ ಇಲ್ಲವೆಂದು ನಾವು ಪ್ರಮಾಣ ಮಾಡುತ್ತಿಲ್ಲ.)

ಮಾತಿನ ನಡುವೆ ಮೇಷ್ಟ್ರು ಇನ್ನೊಂದು ವಿಷಯ ಹೇಳಿದರು. ಅವರ ಊರಿನ ಕೆರೆಯಲ್ಲಿ ಜೊಂಡು ಬೆಳೆದ ಕಡೆ ಅಲೆಯೇ ಇರುವುದಿಲ್ಲವಂತೆ. ಗಾಳಿ ಅಷ್ಟೇ ಇದ್ದರೂ ನೀರು ಕನ್ನಡಿಯಂತೆ ಇರುತ್ತದೆಯಂತೆ. ನಮಗೆ ಬೇಕಾದ ಪಾಠ ಅಲ್ಲಿಯೇ ಇತ್ತು.

ಮರಳೇ ಮೊದಲ ಗೋಡೆ

ಮಾರ್ಚ್ ತಿಂಗಳಲ್ಲಿ ಮಕ್ಕಳು ಚೆಂಡಾಡುವ ಅಗಲವಾದ ಕಿನಾರೆ ಜುಲೈಯಲ್ಲಿ ಕಾಣುವುದಿಲ್ಲ. ಕಡಲು ಅದನ್ನು ನುಂಗಿತು ಎಂದು ನಾವು ಹೇಳುತ್ತೇವೆ. ನಿಜವಾಗಿ ಆಗುವುದು ಬೇರೆ. ಮುಂಗಾರಿನ ದೊಡ್ಡ ಅಲೆಗಳು ಕಿನಾರೆಯ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ, ನೀರಿನ ಅಡಿಯಲ್ಲಿ, ದಡಕ್ಕೆ ಸಮಾನಾಂತರವಾಗಿ ಒಂದು ದಂಡೆಯಂತೆ ಕೂಡಿಹಾಕುತ್ತವೆ. ನೀರಿನ ಆಳವು ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅಲೆ ಮುರಿಯುತ್ತದೆ. 2 ಮೀಟರ್ ಎತ್ತರದ ಅಲೆ ಸುಮಾರು ಎರಡೂವರೆ ಮೀಟರ್ ಆಳದಲ್ಲಿ ನೊರೆಯಾಗಿ ಒಡೆಯುತ್ತದೆ. ಮಳೆಗಾಲದಲ್ಲಿ ದಡದಿಂದ ದೂರ, ನಡು ನೀರಿನಲ್ಲಿ ಬಿಳಿ ನೊರೆಯ ಸಾಲು ಕಾಣುವುದಿಲ್ಲವೇ? ಆ ದಂಡೆ ಇರುವುದು ಅಲ್ಲಿಯೇ. ಕಿನಾರೆ ತನ್ನ ಮರಳನ್ನೇ ಮುಂದಕ್ಕೆ ಕಳುಹಿಸಿ ಅಲೆಯನ್ನು ದೂರದಲ್ಲಿ ಒಡೆಯುತ್ತಿದೆ. ಸೆಪ್ಟೆಂಬರ್ ಕಳೆದ ಮೇಲೆ ಸಣ್ಣ, ನಿಧಾನದ ಅಲೆಗಳು ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ದಡಕ್ಕೆ ಮರಳಿ ತಂದು ಹಾಕುತ್ತವೆ.

ಇದು ನಡೆಯಬೇಕಾದರೆ ಕಿನಾರೆಯ ಹಿಂದೆ ಮರಳಿನ ದಾಸ್ತಾನು ಬೇಕು. ಆ ದಾಸ್ತಾನೇ ಮರಳು ದಿಬ್ಬ. ಬಿರುಗಾಳಿ ಬಂದ ವರ್ಷ ಕಡಲು ದಿಬ್ಬದಿಂದ ಹೆಚ್ಚು ಸಾಲ ಪಡೆಯುತ್ತದೆ, ಶಾಂತವಾದ ವರ್ಷಗಳಲ್ಲಿ ತೀರಿಸುತ್ತದೆ. ದಿಬ್ಬವನ್ನು ಸಮತಟ್ಟು ಮಾಡಿ ರಸ್ತೆಯನ್ನೋ ರೆಸಾರ್ಟನ್ನೋ ಮನೆಯನ್ನೋ ಕಟ್ಟಿದಾಗ ಸಾಲ ಕೊಡಲು ಏನೂ ಉಳಿಯುವುದಿಲ್ಲ. ಆಗ ಕಡಲು ರಸ್ತೆಯ ಅಡಿಯ ಮರಳನ್ನೇ ಕೇಳುತ್ತದೆ.

ದಿಬ್ಬವನ್ನು ಹಿಡಿದು ನಿಲ್ಲಿಸುವುದು ಗಿಡಗಳು. ಮರಳ ಮೇಲೆ ಬಹುದೂರ ಹರಡುವ ನೇರಳೆ ಹೂವಿನ ಬಳ್ಳಿಯನ್ನು ನೀವೆಲ್ಲರೂ ನೋಡಿದ್ದೀರಿ. ಆಡಿನ ಗೊರಸಿನ ಆಕಾರದ ಎಲೆ, ಗೆಣ್ಣುಗೆಣ್ಣಿಗೂ ಬೇರು. ಅದರ ಜೊತೆಗೆ ರಾವಣನ ಮೀಸೆ ಎಂದು ಕರೆಯುವ ಮುಳ್ಳುಮುಳ್ಳಾದ ಹುಲ್ಲು. ಗಾಳಿಯಲ್ಲಿ ಹಾರಿ ಬರುವ ಮರಳು ಇವುಗಳ ಬುಡದಲ್ಲಿ ನಿಲ್ಲುತ್ತದೆ, ಮರಳು ಏರಿದಂತೆ ಇವೂ ಏರುತ್ತವೆ. ಹೀಗೆ ದಿಬ್ಬ ಬೆಳೆಯುತ್ತದೆ. ಅದರ ಹಿಂದೆ ಮುಂಡೇವಿನ ಪೊದೆ. ಹಬ್ಬಕ್ಕೆ ಮೂಡೆ ಕಟ್ಟಲು ಎಲೆ ಬೇಕಾದಾಗ ಮಾತ್ರ ನಮಗೆ ಇದರ ನೆನಪು. ಅದರ ಹಿಂದೆ ಹೊನ್ನೆ ಮರ, ಹಿಂದಿನವರು ದೀಪಕ್ಕೆ ಎಣ್ಣೆ ತೆಗೆಯುತ್ತಿದ್ದ ಮರ. ಬಳ್ಳಿ, ಹುಲ್ಲು, ಪೊದೆ, ಮರ ಎಂಬ ಈ ಕ್ರಮ ಯಾರೋ ನೆಟ್ಟದ್ದಲ್ಲ.

ಗಾಳಿ ಮರದ ಬಗ್ಗೆ ಒಂದು ಮಾತು. 19ನೇ ಶತಮಾನದಲ್ಲಿ ಕಾರವಾರದ ಕಡೆ ನೆಡಲು ಆರಂಭಿಸಿದ ಈ ಹೊರನಾಡಿನ ಮರ ಈಗ ನಮ್ಮ ಕಿನಾರೆಗಳಲ್ಲಿ ಎಲ್ಲೆಲ್ಲಿಯೂ ಇದೆ. ಗಾಳಿಯನ್ನು ತಡೆಯುವುದರಲ್ಲಿ, ಬಡವರಿಗೆ ಸೌದೆ ಕೊಡುವುದರಲ್ಲಿ ಇದರ ಉಪಕಾರ ದೊಡ್ಡದು. ಆದರೆ ಅಲೆಯ ಎದುರಿಗೆ ಇದನ್ನು ನೆಚ್ಚುವಂತಿಲ್ಲ. ಬೇರು ಆಳಕ್ಕಿಳಿಯುವುದಿಲ್ಲ, ಉದುರಿದ ಸೂಜಿಯಂತಹ ಎಲೆಗಳ ಹಾಸಿನ ಅಡಿಯಲ್ಲಿ ಬಳ್ಳಿಯಾಗಲಿ ಹುಲ್ಲಾಗಲಿ ಏಳುವುದು ಕಷ್ಟ. ಕಡಲ ಅಂಚಿನವರೆಗೂ ಗಾಳಿ ಮರ ನೆಡುವ ಉತ್ಸಾಹವನ್ನು ಕಂಡಾಗ ಮುಂದಿನ ಸಾಲನ್ನು ಬಳ್ಳಿಗಾಗಿ ಬಿಡಿ ಎಂದು ಹೇಳೋಣವೆನಿಸುತ್ತದೆ.

ಬಂಡೆ, ದ್ವೀಪ, ಕೆಸರು

ನಮ್ಮ ಕರಾವಳಿಯ ಇನ್ನೊಂದು ಭಾಗ್ಯ ಕಡಲಿಗೆ ಚಾಚಿದ ಬಂಡೆಗಳು ಮತ್ತು ದ್ವೀಪಗಳು. ಸೋಮೇಶ್ವರ, ಸುರತ್ಕಲ್, ಕಾಪುವಿನ ಬಂಡೆಗಳು ಅಲೆಯ ಹೊಡೆತವನ್ನು ತಾವೇ ತಿನ್ನುತ್ತವೆ. ಮಲ್ಪೆಯ ಎದುರಿಗಿರುವ ಸೈಂಟ್ ಮೇರೀಸ್ ದ್ವೀಪಗಳ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಯವು. ಪಡುವಣದ ಅಲೆ ಮೊದಲು ಅವನ್ನು ಎದುರಿಸಬೇಕು. ಕಾರವಾರಕ್ಕೆ ಸಹಜ ಬಂದರು ಎಂಬ ಹೆಸರು ಬಂದದ್ದು ಗುಡ್ಡಗಳು ಮತ್ತು ದ್ವೀಪಗಳು ಅದರ ಕೊಲ್ಲಿಗೆ ಆಸರೆ ಕೊಟ್ಟಿರುವುದರಿಂದ.

ಹವಳದ ದಿಬ್ಬಗಳು ಇದರಲ್ಲಿ ಎಲ್ಲಕ್ಕಿಂತ ಮುಂದು. ಜಗತ್ತಿನ ಹಲವು ಕಡೆ ಮಾಡಿದ ಅಳತೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವು ಅಲೆಯ ಶಕ್ತಿಯನ್ನು ಸರಾಸರಿ ಶೇ. 97ರಷ್ಟು ಕುಗ್ಗಿಸುತ್ತವೆ. ಲಕ್ಷದ್ವೀಪ ಬದುಕಿರುವುದೇ ಅದರಿಂದ. ನಮ್ಮಲ್ಲಿ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿದ್ದರೂ ದಡಕ್ಕೆ ಆಸರೆಯಾಗುವಷ್ಟು ದೊಡ್ಡ ದಿಬ್ಬಗಳಿಲ್ಲ.

ಕೆಸರು ಕೂಡ ಅಲೆಯನ್ನು ಕೊಲ್ಲುತ್ತದೆ ಎಂದರೆ ನಂಬುವಿರಾ? ಕೇರಳದ ಆಲಪ್ಪುಳದ ಬಳಿ ಮುಂಗಾರಿನಲ್ಲಿ ಕಡಲ ತಳದ ನುಣ್ಣನೆಯ ಕೆಸರು ಎದ್ದು ಗಂಜಿಯಂತೆ ನಿಲ್ಲುತ್ತದೆ. ಅದರ ಮೇಲೆ ಬಂದ ಅಲೆ ಕೆಸರನ್ನು ಕದಲಿಸುವುದರಲ್ಲಿಯೇ ಶಕ್ತಿ ಕಳೆದುಕೊಂಡು ದಡಕ್ಕೆ ಬರುವಷ್ಟರಲ್ಲಿ ಇಲ್ಲವಾಗುತ್ತದೆ. ಸುತ್ತಲಿನ ಕಡಲು ಕುದಿಯುತ್ತಿರುವಾಗ ಅಲ್ಲಿ ದೋಣಿಗಳು ನೀರಿಗಿಳಿಯುತ್ತವೆ. ಮಲಯಾಳಿಗಳು ಅದನ್ನು ಚಾಕರ ಎನ್ನುತ್ತಾರೆ.

ಕಾಂಡ್ಲಾ ಎಲ್ಲಿ ಬೇಕು, ಎಲ್ಲಿ ಬೇಡ

ಕಾಂಡ್ಲಾ ಗಿಡಗಳ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ. ಅದು ಸಂತೋಷದ ವಿಷಯ. ಒಂದು ಕಾಲದಲ್ಲಿ ಅದನ್ನು ಸೌದೆ ಮತ್ತು ಕೆಸರು ಎಂದಷ್ಟೇ ನೋಡಿದವರು ನಾವು. ನೀರಿನಿಂದ ಮೇಲೆದ್ದ ಬೇರುಗಳ ಜಾಲದ ನಡುವೆ ಅಲೆ ಸಾವಿರ ಕಡೆ ಒಡೆಯುತ್ತದೆ. 100 ಮೀಟರ್ ಅಗಲದ ಕಾಂಡ್ಲಾ ಕಾಡು ಅಲೆಯ ಎತ್ತರವನ್ನು ಶೇ. 13ರಿಂದ 66ರವರೆಗೆ ತಗ್ಗಿಸಬಲ್ಲದು ಎಂದು ಅಧ್ಯಯನಗಳು ಹೇಳುತ್ತವೆ. ಗಿಡಗಳ ದಟ್ಟಣೆ, ವಯಸ್ಸು, ನೀರಿನ ಆಳ ಇವುಗಳಿಗೆ ತಕ್ಕಂತೆ ಈ ವ್ಯತ್ಯಾಸ. ಬೇರುಗಳ ನಡುವೆ ಕೆಸರು ನಿಂತು ನೆಲವೂ ಏರುತ್ತದೆ.

1999ರ ಅಕ್ಟೋಬರ್‌ನಲ್ಲಿ ಒಡಿಶಾವನ್ನು ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನರು ಪ್ರಾಣ ಕಳೆದುಕೊಂಡರು. ಕೇಂದ್ರಾಪಾಡಾ ಜಿಲ್ಲೆಯ ನೂರಾರು ಹಳ್ಳಿಗಳ ಲೆಕ್ಕ ತೆಗೆದು ನೋಡಿದಾಗ, ಕಡಲಿಗೂ ಹಳ್ಳಿಗೂ ನಡುವೆ ಅಗಲವಾದ ಕಾಂಡ್ಲಾ ಕಾಡು ಉಳಿದಿದ್ದ ಕಡೆ ಸಾವು ಕಡಿಮೆ ಎಂದು ಕಂಡುಬಂತು. 2009ರಲ್ಲಿ ಪ್ರಕಟವಾದ ಈ ಅಧ್ಯಯನ ಇನ್ನೊಂದನ್ನೂ ಹೇಳಿತು: ಮುನ್ಸೂಚನೆ ಸಿಕ್ಕಿ ಜನರನ್ನು ತೆರವು ಮಾಡಿದ್ದರಿಂದ ಉಳಿದ ಜೀವಗಳು ಅದಕ್ಕಿಂತಲೂ ಹೆಚ್ಚು. ಇದನ್ನು ಮರೆಯುವಂತಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ತಮಿಳುನಾಡಿನ ಪಿಚ್ಚಾವರಂ ಕಾಂಡ್ಲಾ ಕಾಡಿನ ಹಿಂದಿನ ಹಳ್ಳಿಗಳು ಉಳಿದವು ಎಂಬುದು ನಿಜ. ಆದರೆ ವೇಳಾಂಕಣಿಯ ಬಯಲು ಕಿನಾರೆಯಲ್ಲಿದ್ದ ಯಾತ್ರಿಕರನ್ನು ಕಳೆದುಕೊಂಡ ನೋವು ನಮ್ಮ ಮನಸ್ಸಿನಲ್ಲಿ ಇನ್ನೂ ಇದೆ. ಅಂತಹ ಅಲೆ ಬಂದಾಗ ಓಡುವುದೊಂದೇ ದಾರಿ, ಗಿಡವಿದೆಯೆಂದು ನಿಲ್ಲಬಾರದು.

ನಮ್ಮಲ್ಲಿ ಕಾಂಡ್ಲಾ ಇರುವುದು ಕಾಳಿ, ಅಘನಾಶಿನಿ, ಶರಾವತಿ ಅಳಿವೆಗಳಲ್ಲಿ, ಕುಂದಾಪುರದ ಪಂಚಗಂಗಾವಳಿಯಲ್ಲಿ, ನೇತ್ರಾವತಿ, ಗುರುಪುರ ಹೊಳೆಗಳ ಬದಿಯಲ್ಲಿ. ಕುಮಟಾದ ಅಘನಾಶಿನಿ ಕಡೆ ಉಪ್ಪುನೀರಿನಲ್ಲಿಯೂ ಬೆಳೆಯುವ ಕಗ್ಗ ಭತ್ತದ ಗಜನಿ ಗದ್ದೆಗಳಿವೆ. ಆ ಗದ್ದೆಗಳ ಕಟ್ಟೆಗಳಿಗೆ ಹೊರಬದಿಯ ಕಾಂಡ್ಲಾ ಸಾಲೇ ಕಾವಲು. ಮಧುಗಿರಿಯ ಮೇಷ್ಟ್ರ ಏರಿಗೆ ಕಲ್ಲು ಹಾಸಿದಂತೆ ಇಲ್ಲಿ ಕಟ್ಟೆಗೆ ಗಿಡ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಾಂಡ್ಲಾ ಅಳಿವೆಯ ಗಿಡ, ಕೆಸರಿನ ಗಿಡ. ಅಲೆ ನೇರವಾಗಿ ಬಡಿಯುವ ಬಯಲು ಮರಳ ಕಿನಾರೆಯಲ್ಲಿ ಅದನ್ನು ನೆಟ್ಟರೆ ಮೊದಲ ಮಳೆಗಾಲದಲ್ಲಿಯೇ ಹೋಗುತ್ತದೆ. ಕೇಂದ್ರ ಸರಕಾರ 2023ರಲ್ಲಿ ಮಿಷ್ಟಿ ಎಂಬ ಕಾಂಡ್ಲಾ ಯೋಜನೆಯನ್ನು ಆರಂಭಿಸಿದ ಮೇಲೆ ಗಿಡ ನೆಡುವ ಉತ್ಸಾಹ ಹೆಚ್ಚಾಗಿದೆ. ಸಂಘಸಂಸ್ಥೆಗಳವರು ನೆಡುವ ಮೊದಲು ಜಾಗ ಯಾವುದು ಎಂದು ಅರಣ್ಯ ಇಲಾಖೆಯವರನ್ನೂ ಊರಿನ ಮೀನುಗಾರರನ್ನೂ ಕೇಳುವುದು ಒಳ್ಳೆಯದು.

ಉಳ್ಳಾಲದಲ್ಲಿ ನಡೆದದ್ದು

ಮಂಗಳೂರಿನ ಅಳಿವೆಬಾಗಿಲಿನಲ್ಲಿ ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಒಟ್ಟಾಗಿ ಕಡಲು ಸೇರುತ್ತವೆ. ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲ. ಎರಡೂ ಹೊಳೆ ಮತ್ತು ಕಡಲು ಸೇರಿ ಕಟ್ಟಿದ ಮರಳ ನಾಲಗೆಗಳು. ಮೀನುಗಾರಿಕಾ ದೋಣಿಗಳು ಸುರಕ್ಷಿತವಾಗಿ ಬಂದುಹೋಗಲೆಂದು ಅಳಿವೆಬಾಗಿಲಿನ ಎರಡೂ ಬದಿಗೆ ಕಲ್ಲಿನ ಬ್ರೇಕ್‌ವಾಟರ್ ಕಟ್ಟಲಾಯಿತು. ಅದರ ಅಗತ್ಯವಿತ್ತು; ಅಳಿವೆಯಲ್ಲಿ ದೋಣಿ ಮಗುಚಿ ಮನೆಯವರನ್ನು ಕಳೆದುಕೊಂಡ ಕುಟುಂಬಗಳನ್ನು ಕೇಳಿದರೆ ತಿಳಿಯುತ್ತದೆ. ಆದರೆ ದಡದುದ್ದಕ್ಕೂ ಸಾಗುವ ಮರಳಿನ ದಾರಿಗೆ ಅದು ಅಡ್ಡ ಬಂತು. ಬೆಂಗ್ರೆಯ ಕಡೆ ಮರಳು ತುಂಬಿ ಕಿನಾರೆ ಅಗಲವಾಯಿತು, ಉಳ್ಳಾಲದ ಕಡೆ ಕೊರೆತ ಹೆಚ್ಚಿತು.

ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕು 2010ರಲ್ಲಿ ಕರ್ನಾಟಕ, ಗೋವಾ, ಮಹಾರಾಷ್ಟ್ರಗಳ ಕರಾವಳಿ ರಕ್ಷಣೆಗೆ ಸಾಲ ಮಂಜೂರು ಮಾಡಿತು. ಅದರಲ್ಲಿ ಉಳ್ಳಾಲವೂ ಸೇರಿತು. ಈ ಸಲ ದಡದಲ್ಲಿ ಗೋಡೆ ಕಟ್ಟುವುದಷ್ಟೇ ಅಲ್ಲ, ದಡದಿಂದ ದೂರ ಕಡಲೊಳಗೆ ರೀಫ್‌ಗಳನ್ನು ಕಟ್ಟಿ ಅಲೆಯನ್ನು ಅಲ್ಲಿಯೇ ಮುರಿಯುವ ಉಪಾಯ ಮಾಡಲಾಯಿತು. ಮುಂಗಾರಿನ ಮರಳ ದಂಡೆ ಮಾಡುವ ಕೆಲಸವನ್ನೇ ಮನುಷ್ಯರು ಮಾಡಿದ ದಿಬ್ಬದಿಂದ ಮಾಡಿಸುವುದು. ದಡಕ್ಕೆ ತಾಗಿ ಕಲ್ಲಿನ ಬರ್ಮ್‌ಗಳನ್ನೂ ಹಾಕಿದರು. ಅಷ್ಟಾದರೂ ಕೊರೆತ ಮುಗಿಯಲಿಲ್ಲ. ದಕ್ಷಿಣಕ್ಕೆ ಸೋಮೇಶ್ವರ ಉಚ್ಚಿಲದ ಕಡೆ ಹಾನಿ ಹೆಚ್ಚುತ್ತಾ ಬಂತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮನೆಗಳು ಹೋದವು, 2022ರ ಮಳೆಗಾಲದಲ್ಲಿ ಬಟ್ಟಪ್ಪಾಡಿಯ ಕಡಲ ಬದಿಯ ರಸ್ತೆ ಕೊಚ್ಚಿಹೋಯಿತು. ಒಂದು ಊರಿಗೆ ಕಲ್ಲು ಬಂದರೆ ಪಕ್ಕದ ಊರಿನವರು ನಿದ್ದೆಗೆಡುವುದು ಸುಮ್ಮನೆ ಅಲ್ಲ.

ಪುದುಚೇರಿಯಲ್ಲಿಯೂ ಹೀಗೆಯೇ. 1980ರ ದಶಕದ ಕೊನೆಗೆ ಬಂದರು ಕಟ್ಟಿದ ಮೇಲೆ ಪಟ್ಟಣದ ಎದುರಿನ ಕಿನಾರೆ ಕಾಣೆಯಾಗಿ ಕಲ್ಲುಗಳಷ್ಟೇ ಉಳಿದವು. 2018ರ ಹೊತ್ತಿಗೆ ನೀರಿನ ಅಡಿಯಲ್ಲಿ ಒಂದು ರೀಫ್ ಇಟ್ಟು, ಹೂಳೆತ್ತಿದ ಮರಳನ್ನೂ ತಂದು ಹಾಕಿದಾಗ ಒಂದು ಭಾಗದಲ್ಲಿ ಕಿನಾರೆ ಮರಳಿ ಬಂತು. ರೀಫ್ ಜೊತೆಗೆ ಮರಳೂ ಬೇಕಾಯಿತು ಎಂಬುದನ್ನು ಗಮನಿಸಿ. ನೆದರ್ಲೆಂಡ್ಸ್‌ನವರು 2011ರಲ್ಲಿ ಹೇಗ್ ಪಟ್ಟಣದ ಬಳಿ 2 ಕೋಟಿ ಘನ ಮೀಟರಿಗೂ ಹೆಚ್ಚು ಮರಳನ್ನು ಒಂದೇ ಕಡೆ ಸುರಿದು, ಅದನ್ನು ದಡದುದ್ದಕ್ಕೂ ಹಂಚುವ ಕೆಲಸವನ್ನು ಅಲೆ ಮತ್ತು ಗಾಳಿಗೇ ಬಿಟ್ಟರು. ಅಷ್ಟು ಹಣ ನಮ್ಮಲ್ಲಿಲ್ಲ. ಆದರೆ ನಮ್ಮ ಹೊಳೆಗಳು ಅದೇ ಕೆಲಸವನ್ನು ಹಣವಿಲ್ಲದೆ ಮಾಡುತ್ತಿದ್ದವು.

ಕಿನಾರೆಯ ಮರಳು ಹೆಚ್ಚಿನ ಪಾಲು ಬರುವುದು ಘಟ್ಟದಿಂದ, ಹೊಳೆಯ ಮೂಲಕ. ಅಣೆಕಟ್ಟಿನ ಹಿಂದೆ ಒಂದಷ್ಟು ನಿಂತಿತು, ಹೊಳೆಯಿಂದ ಲಾರಿ ಏರಿ ಒಂದಷ್ಟು ಹೋಯಿತು. ಈ ಮಾತು ಬಂದಾಗ ಮೇಷ್ಟ್ರು ನಕ್ಕು, ತಮ್ಮ ಜಯಮಂಗಲಿಯ ಮರಳಿನ ಕಥೆಯೂ ಇದೇ ಎಂದರು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಯಾಗಿ ಹರಿಯುವ ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಆ ಪಿನಾಕಿನಿ ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಕಡಲನ್ನೇ ಕಾಣದ ಊರಿನ ಮರಳಿಗೂ ಯಾವುದೋ ಕಿನಾರೆಯ ಲೆಕ್ಕವಿದೆ.

ಹಾಗಾದರೆ ಏನು ಕೇಳಬೇಕು?

ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದೆ. ದೇಶದ ಮುಖ್ಯಭೂಮಿಯ ಕರಾವಳಿಯಲ್ಲಿ ಮೂರನೇ ಒಂದು ಭಾಗ, ಕರ್ನಾಟಕದಲ್ಲಿ ಸುಮಾರು ಕಾಲು ಭಾಗ ಕೊರೆತಕ್ಕೆ ಸಿಕ್ಕಿದೆ. ದಕ್ಷಿಣ ಕನ್ನಡದಲ್ಲಿ ಮಾತ್ರ ಇದು ಅರ್ಧದ ಹತ್ತಿರ ಬರುತ್ತದೆ. ನಮ್ಮ ರಾಜ್ಯದ ಕರಾವಳಿಯ ಅರ್ಧದಷ್ಟು ಇನ್ನೂ ಸ್ಥಿರವಾಗಿದೆ ಎಂಬುದನ್ನೂ ಅದೇ ಲೆಕ್ಕ ಹೇಳುತ್ತದೆ. ಕಾಪಾಡಲು ಇರುವುದು ಮೊದಲು ಅದು.

ಮನೆಯ ಹೊಸ್ತಿಲಿಗೆ ಕಡಲು ಬಂದವರ ಮುಂದೆ ಬಳ್ಳಿಯ ಮಾತಾಡಲು ನಮಗೆ ಮುಖವಿಲ್ಲ. ಅಲ್ಲಿ ಇವತ್ತು ಕಲ್ಲೇ ಬೇಕು, ಕೆಲವರಿಗೆ ಬೇರೆ ಕಡೆ ಯೋಗ್ಯವಾದ ಜಾಗವೂ ಬೇಕು. ಮೀನುಗಾರರಿಗೆ ಕೊಡುವ ಜಾಗ ಕಡಲಿನಿಂದ ಹತ್ತು ಕಿಲೋಮೀಟರ್ ದೂರವಾದರೆ ಅದು ಜಾಗವಲ್ಲ. ಆದರೆ ಕೊರೆತ ಇನ್ನೂ ಮುಟ್ಟದ ಊರುಗಳಲ್ಲಿ, ಮುಂದಿನ ಗ್ರಾಮಸಭೆಯಲ್ಲಿ, ಕಲ್ಲು ಯಾವಾಗ ಎಂದು ಕೇಳುವ ಮೊದಲು ನಮ್ಮ ದಿಬ್ಬ ಎಷ್ಟು ಉಳಿದಿದೆ, ಅದರ ಮೇಲೆ ಯಾರು ಏನು ಕಟ್ಟುತ್ತಿದ್ದಾರೆ ಎಂದು ಕೇಳಬಹುದು. ಅಳಿವೆಯಲ್ಲಿ ಹೂಳೆತ್ತಿದ ಮರಳು ಎಲ್ಲಿಗೆ ಹೋಗುತ್ತದೆ, ಅದನ್ನು ಕೊರೆಯುತ್ತಿರುವ ಕಿನಾರೆಗೆ ಹಾಕಲು ಆಗುವುದಿಲ್ಲವೇ ಎಂದೂ ಕೇಳಬಹುದು.

ಕಾನೂನು ನಮ್ಮ ಪರವಾಗಿ ಸ್ವಲ್ಪ ಇದೆ. 1991ರಲ್ಲಿ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 2011ರಲ್ಲಿ, ಮತ್ತೆ 2019ರಲ್ಲಿ ಬದಲಾಯಿತು. ಕಾಂಡ್ಲಾ ಮತ್ತು ಮರಳು ದಿಬ್ಬಗಳಿಗೆ ಅತಿ ಸೂಕ್ಷ್ಮ ಪ್ರದೇಶವೆಂಬ ರಕ್ಷಣೆ ಉಳಿದಿದೆ. ಆದರೆ ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಭಾಗಗಳಲ್ಲಿ ಕಟ್ಟಡ ನಿಷೇಧದ ಅಂತರವು 200 ಮೀಟರಿನಿಂದ 50 ಮೀಟರಿಗೆ ಇಳಿಯಬಹುದೆಂದು 2019ರ ಅಧಿಸೂಚನೆ ಹೇಳುತ್ತದೆ. ಒಂದು ಬಿರುಸಿನ ಮುಂಗಾರು 50 ಮೀಟರನ್ನು ಎಷ್ಟು ದಿನದಲ್ಲಿ ಮುಗಿಸುತ್ತದೆ ಎಂದು ಬಟ್ಟಪ್ಪಾಡಿಯವರನ್ನು ಕೇಳಬೇಕು.

ನಮ್ಮ ಯುವಜನರಿಗೂ ಒಂದು ಮಾತು. ಕಿನಾರೆ ಸ್ವಚ್ಛತೆಯ ದಿನ ಪ್ಲಾಸ್ಟಿಕ್ ಹೆಕ್ಕುವ ಹುಮ್ಮಸ್ಸಿನಲ್ಲಿ ಆ ನೇರಳೆ ಹೂವಿನ ಬಳ್ಳಿಯನ್ನೂ ಕಳೆಯೆಂದು ಎಳೆದು ರಾಶಿ ಹಾಕುವುದನ್ನು ನಾವು ಕಂಡಿದ್ದೇವೆ. ಬಾಟಲಿ ಹೆಕ್ಕಿ, ಬಳ್ಳಿ ಬಿಡಿ. ದೋಣಿ ಎಳೆಯುವ, ಬಲೆ ಒಣಗಿಸುವ ದಾರಿ ಬಿಟ್ಟು ಉಳಿದ ಕಡೆ ಬಳ್ಳಿಯ ತುಂಡುಗಳನ್ನು ಮಳೆಗಾಲದ ಕೊನೆಗೆ ನೆಟ್ಟರೂ ಹಿಡಿಯುತ್ತದೆ, ಖರ್ಚಿಲ್ಲ.

ಮೇಷ್ಟ್ರಿಗೆ ಮಾರ್ಚ್‌ನಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಬನ್ನಿ ಎಂದಿದ್ದೇವೆ. ಎರಡು ಸಲವೂ ಅದೇ ಕಲ್ಲಿನ ಬಳಿ ನಿಂತು, ಮರಳು ಎಲ್ಲಿಯವರೆಗೆ ಇದೆ ಎಂದು ನೋಡುವ ಯೋಚನೆ.